ಮತದಾರರ ಪಟ್ಟಿಯ ಶುದ್ಧಿ



ಚುನಾವಣೆಯೆಂದೊಡನೆ ಸಭೆಗಳು, ಭಾಷಣಗಳು, ಮತಗಟ್ಟೆಯ ಮುಂದಿನ ಜನಸಂದಣಿ, ಇವೇ ನಮ್ಮ ಕಣ್ಣೆದುರಿಗೆ ಬಂದು ನಿಲ್ಲುತ್ತವೆ. ಆದರೆ ಇವೆಲ್ಲಕ್ಕೂ ಮುಂಚೆ ಸದ್ದಿಲ್ಲದೆ ನಡೆದಿರಬೇಕಾದ ಕಾರ್ಯವೊಂದುಂಟು. ಮತದಾರರ ಪಟ್ಟಿಯನ್ನು ಸಿದ್ಧಪಡಿಸಿ, ಅದನ್ನು ಶುದ್ಧವಾಗಿ ಕಾಪಾಡುವುದೇ ಆ ಕಾರ್ಯ. ಹಸನುಮಾಡದ ಹೊಲದಲ್ಲಿ ಎಂತಹ ಬೀಜವನ್ನು ಬಿತ್ತಿದರೇನು?

ನಮ್ಮ ದೇಶದ ಮೊದಲನೆಯ ಮಹಾಚುನಾವಣೆಯನ್ನು ನೆನೆದರೆ ಈ ಕಾರ್ಯದ ಮಹತ್ವವು ಮನಸ್ಸಿಗೆ ಬರುತ್ತದೆ. ಅದಕ್ಕೆ ಹಿಂದೆ ಮತಾಧಿಕಾರವು ಆಸ್ತಿ, ಕಂದಾಯ, ವಿದ್ಯೆ ಮೊದಲಾದ ಅರ್ಹತೆಗಳುಳ್ಳ ಕೆಲವರಿಗೆ ಮಾತ್ರ ಇದ್ದಿತು. 1881ರಲ್ಲಿ ಆರಂಭವಾದ ಮೈಸೂರಿನ ಪ್ರಜಾಪ್ರತಿನಿಧಿ ಸಭೆಗೆ ಮುಂದೆ ಚುನಾವಣೆಯ ಪದ್ಧತಿ ಬಂದಾಗಲೂ ಇದೇ ಕ್ರಮವಿತ್ತು. ಪ್ರಾಯಬಂದವರೆಲ್ಲರಿಗೂ ಮತಾಧಿಕಾರವೆಂದು ನಿಶ್ಚಯವಾದಮೇಲೆ, 1951-52ರ ಚುನಾವಣೆಗಾಗಿ ಸುಮಾರು 17 ಕೋಟಿ 30 ಲಕ್ಷ ಜನರ ಹೆಸರುಗಳನ್ನು ಬರೆದುಕೊಳ್ಳಬೇಕಾಯಿತು. ಆಗೊಂದು ವಿಚಿತ್ರವಾದ ತೊಡಕು ತಲೆದೋರಿತು. ಅನೇಕ ಸ್ತ್ರೀಯರು ತಮ್ಮ ಹೆಸರನ್ನು ಪರಪುರುಷರಿಗೆ ಹೇಳಲೊಲ್ಲದೆ, ಇಂಥವರ ಹೆಂಡತಿ, ಇಂಥವರ ಮಗಳು ಎಂದಷ್ಟೇ ಬರೆಯಿಸಿದರು. ಮೊದಲನೆಯ ಮುಖ್ಯ ಚುನಾವಣಾ ಆಯುಕ್ತರಾದ ಸುಕುಮಾರ ಸೇನರು ಸ್ವಂತ ಹೆಸರಿಲ್ಲದ ದಾಖಲೆ ಸಲ್ಲದೆಂದರು. ಸುಮಾರು 8 ಕೋಟಿ ಸ್ತ್ರೀಯರಲ್ಲಿ 28 ಲಕ್ಷದಷ್ಟು ಮಂದಿ ಕಡೆಯವರೆಗೂ ಹೆಸರು ತಿಳಿಸದೆ, ಪಟ್ಟಿಯಿಂದ ಬಿಟ್ಟುಹೋದರು. ಪಟ್ಟಿಯೆಂಬುದು ಬರಿಯ ಗುಮಾಸ್ತೆಯ ಬರೆವಣಿಗೆಯಲ್ಲ. ಒಬ್ಬ ವ್ಯಕ್ತಿಯನ್ನು ಅವರ ಹೆಸರಿನಿಂದಲೇ ರಾಜ್ಯವು ಗುರುತಿಸುವ ರೀತಿ ಅದು.

ಒಮ್ಮೆ ಬರೆದ ಪಟ್ಟಿ ಶಾಶ್ವತವಾಗಿ ಸರಿಯಾಗಿರಬಾರದೇಕೆ? ಜನಜೀವನವು ಹೊಳೆಯಂತೆ ಹರಿಯುವುದು. ಪಟ್ಟಿಯಾದರೋ ಒಂದು ದಿನದ ಚಿತ್ರ. ಹುಡುಗರು ಪ್ರಾಯಕ್ಕೆ ಬರುತ್ತಾರೆ, ಹೆಣ್ಣುಮಕ್ಕಳು ಗಂಡನ ಮನೆಗೆ ಹೋಗುತ್ತಾರೆ, ಬಾಡಿಗೆದಾರರು ಬಡಾವಣೆ ಬದಲಾಯಿಸುತ್ತಾರೆ, ವೃದ್ಧರು ಕಾಲವಾಗುತ್ತಾರೆ. ಆದುದರಿಂದ ತಪ್ಪು ಎರಡು ಬಗೆಯಲ್ಲಿ ಸಂಭವಿಸುತ್ತದೆ: ಇರಬಾರದ ಹೆಸರು ಉಳಿಯುವುದು ಒಂದು, ಇರಬೇಕಾದ ಹೆಸರು ಹೋಗುವುದು ಇನ್ನೊಂದು. ಮೊದಲನೆಯದರಿಂದ ಕಳ್ಳಮತಕ್ಕೆ ಎಡೆಯಾಗುತ್ತದೆ; ಎರಡನೆಯದರಿಂದ ನಿಜವಾದ ಪ್ರಜೆಯ ಹಕ್ಕು ನಷ್ಟವಾಗುತ್ತದೆ.

ಈ ಎರಡನ್ನೂ ತಡೆಯಲು 1950ರ ಪ್ರಜಾಪ್ರಾತಿನಿಧ್ಯ ಕಾಯಿದೆಯಲ್ಲಿ ಏರ್ಪಾಡುಂಟು. ಯಾರೊಬ್ಬರ ಹೆಸರೂ ಎರಡು ಕ್ಷೇತ್ರಗಳಲ್ಲಿ ಇರಕೂಡದು. ಒಬ್ಬನು ಎಲ್ಲಿ ಸಾಮಾನ್ಯವಾಗಿ ವಾಸಮಾಡುವನೋ ಅಲ್ಲಿಯೇ ಅವನ ಮತ; ಒಂದೂರಿನಲ್ಲಿ ಸ್ವಂತ ಮನೆಯಿದ್ದ ಮಾತ್ರಕ್ಕೆ ಅವನು ಅಲ್ಲಿನ ನಿವಾಸಿಯೆನಿಸುವುದಿಲ್ಲ. ಕೆಲವು ದಿನ ಪರಸ್ಥಳಕ್ಕೆ ಹೋದ ಮಾತ್ರಕ್ಕೆ ನಿವಾಸ ತಪ್ಪುವುದೂ ಇಲ್ಲ. 1989ರಿಂದ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದಿದೆ. ಮೊದಲು ಜನವರಿ 1 ಒಂದೇ ಅರ್ಹತೆಯ ದಿನವಾಗಿತ್ತು. 2021ರ ತಿದ್ದುಪಡಿಯ ಬಳಿಕ ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳುಗಳ ಮೊದಲನೆಯ ದಿನವೂ ಹಾಗೆಯೇ ಎಣಿಕೆಗೆ ಬಂದಿದೆ. ಹೊಸದಾಗಿ ಹೆಸರು ಸೇರಿಸಲು 6ನೆಯ ನಮೂನೆ, ತೆಗೆಸಲು 7ನೆಯದು, ತಿದ್ದಲು ಅಥವಾ ವಿಳಾಸ ಬದಲಿಸಲು 8ನೆಯದು.

ಇಷ್ಟೆಲ್ಲ ತಿಳಿದಿದ್ದೂ ನಾನೇ ತಪ್ಪಿದ್ದುಂಟು. ನಮ್ಮ ತಂದೆಯವರು ತೀರಿಕೊಂಡಮೇಲೆ ಎರಡು ಚುನಾವಣೆಗಳವರೆಗೆ ಅವರ ಹೆಸರು ಪಟ್ಟಿಯಲ್ಲಿಯೇ ಉಳಿದಿತ್ತು. ಅರ್ಜಿ ಬರೆಯಲು ಕುಳಿತಾಗಲೆಲ್ಲ ಕೈ ಹಿಂದೆಗೆಯಿತು. ಅವರನ್ನು ಎರಡನೆಯ ಸಲ ಕಳುಹಿಸಿಕೊಟ್ಟಂತೆ ತೋರುತ್ತಿತ್ತು. ಕಡೆಗೆ ನಮ್ಮ ತಾಯಿಯವರೇ, “ಅವರ ಹೆಸರಿನಲ್ಲಿ ಇನ್ನೊಬ್ಬರು ಬಂದು ಮತ ಹಾಕಿದರೆ ಅದು ಅವರಿಗೆ ಗೌರವವೇನಪ್ಪ?” ಎಂದು ಕೇಳಿದರು. ಮರುದಿನವೇ ಅರ್ಜಿ ಹೋಯಿತು.

ಶುದ್ಧಿಯ ಭರದಲ್ಲಿ ಕಳೆಯೊಡನೆ ಪೈರನ್ನೂ ಕೀಳುವ ಅಪಾಯವುಂಟೆಂಬುದನ್ನೂ ಮರೆಯಲಾಗದು. ಪಟ್ಟಿಯನ್ನು ಪರಿಶೀಲಿಸಲು ಬಂದ ದಿನ ಮನೆಗೆ ಬೀಗವಿದ್ದಿತೆಂದು ಕೂಲಿಗೆ ಹೋದವನ ಹೆಸರನ್ನು ಹೊಡೆದುಹಾಕಿದರೆ ಅದು ನ್ಯಾಯವಲ್ಲ. ವಾಸ ತಪ್ಪಿದೆಯೆಂಬ ಕಾರಣದಿಂದ ಹೆಸರು ತೆಗೆಯುವ ಮುನ್ನ ಆ ವ್ಯಕ್ತಿಗೆ ತನ್ನ ಮಾತನ್ನು ಹೇಳಿಕೊಳ್ಳಲು ಅವಕಾಶ ಕೊಡಬೇಕೆಂದು ಕಾಯಿದೆಯೇ ವಿಧಿಸಿದೆ. ತೀರ್ಮಾನ ಒಪ್ಪಿಗೆಯಾಗದಿದ್ದರೆ ಮೇಲ್ಮನವಿಗೂ ಮಾರ್ಗವಿದೆ.

ಮತದಾರನ ಗುರುತಿನ ಚೀಟಿ ಕೈಯಲ್ಲಿದೆಯೆಂದು ನಿಶ್ಚಿಂತರಾಗಿರುವವರು ಅನೇಕರು. ಹಕ್ಕು ಬರುವುದು ಚೀಟಿಯಿಂದಲ್ಲ, ಪಟ್ಟಿಯಲ್ಲಿರುವ ಹೆಸರಿನಿಂದ. ನಾಮಪತ್ರ ಸಲ್ಲಿಸುವ ಕಡೆಯ ದಿನ ಕಳೆದರೆ, ಆ ಚುನಾವಣೆ ಮುಗಿಯುವವರೆಗೆ ಪಟ್ಟಿಯಲ್ಲಿ ಒಂದಕ್ಷರವನ್ನೂ ಬದಲಿಸುವಂತಿಲ್ಲ. ಮತದಾನದ ದಿನ ಮತಗಟ್ಟೆಯಲ್ಲಿ ನಿಂತು ಅಧಿಕಾರಿಗಳ ಮೇಲೆ ಕೋಪಗೊಂಡು ಪ್ರಯೋಜನವೇನು? ಕರಡು ಪಟ್ಟಿ ಪ್ರಕಟವಾದಾಗ ನಿಮ್ಮ ಮನೆಯವರ ಹೆಸರುಗಳನ್ನು ಒಮ್ಮೆ ಓದಿ ನೋಡಿ. ಹಾಗೆಯೇ ಓದುಬರಹವರಿಯದ ನೆರೆಯವರ ಹೆಸರನ್ನೂ, ನಿಮ್ಮ ಮನೆಗೆಲಸಕ್ಕೆ ಬರುವಾಕೆಯ ಹೆಸರನ್ನೂ ನೋಡಿಕೊಡಿ. ಅರ್ಧ ಗಂಟೆಯ ಕೆಲಸ. ಐದು ವರ್ಷಗಳ ಹಕ್ಕು.