ಅಂಗಹಾನಿಯೂ ವೃತ್ತಿಹಾನಿಯೂ

ರಾಯಬಾಗ ತಾಲೂಕಿನ ದಿಗ್ಗೇವಾಡಿಯ ಸುತ್ತಣ ಸೀಮೆಯು ಕಬ್ಬಿನ ಸೀಮೆ. ಕಬ್ಬನ್ನು ಕಾರ್ಖಾನೆಗೆ ಸಾಗಿಸುವ ಲಾರಿ, ಟ್ರ್ಯಾಕ್ಟರುಗಳನ್ನು ನಡೆಸಿ ಕುಟುಂಬವನ್ನು ಪೋಷಿಸುವವರು ಇಲ್ಲಿ ಅನೇಕರುಂಟು. ಅಂತಹ ಮನೆಯ ಯಜಮಾನನು ಕೆಲಸದಲ್ಲಿರುವಾಗ ಅಪಘಾತಕ್ಕೆ ಸಿಕ್ಕಿ ಕಾಲನ್ನು ಕಳೆದುಕೊಂಡರೆ, ಅವನ ನಷ್ಟವನ್ನು ಅಳೆಯುವ ಬಗೆ ಯಾವುದು? ಉಳಿದ ಅವಯವಗಳನ್ನು ಎಣಿಸಬೇಕೋ, ಕೈತಪ್ಪಿದ ಜೀವನೋಪಾಯವನ್ನು ನೋಡಬೇಕೋ? ಗೃಹಸ್ಥರೆಲ್ಲರೂ ಅರಿತಿರತಕ್ಕ ವಿಷಯವಾದ್ದರಿಂದ ನಾವು ಇದನ್ನು ಇಲ್ಲಿ ವಿವೇಚಿಸುವೆವು.

ಕರ್ನಾಟಕದ ಒಬ್ಬ ಟ್ಯಾಂಕರ್ ಚಾಲಕನ ವ್ಯಾಜ್ಯವು ಇದಕ್ಕೆ ಉತ್ತಮ ನಿದರ್ಶನ. ಅಪಘಾತದಲ್ಲಿ ಅವನ ಬಲಗಾಲನ್ನು ಮೊಣಕಾಲಿನ ಬಳಿ ಕತ್ತರಿಸಬೇಕಾಯಿತು. ಪರಿಹಾರದ ಕಮಿಷನರು, ಇವನ ಗಳಿಕೆಯ ಶಕ್ತಿಯು ಸಂಪೂರ್ಣ ನಷ್ಟವಾಯಿತೆಂದು ನಿರ್ಣಯಿಸಿ 2,49,576 ರೂಪಾಯಿ ಕೊಡಿಸಿದರು. ವಿಮಾ ಕಂಪನಿಯು ಹೈಕೋರ್ಟಿಗೆ ಹೋಯಿತು. ಅಲ್ಲಿ ನಷ್ಟವು ಶೇಕಡಾ 65ಕ್ಕೆ ಇಳಿಯಿತು. ಚಾಲಕನು ಸುಪ್ರೀಂ ಕೋರ್ಟನ್ನು ಆಶ್ರಯಿಸಲು, 2008ರಲ್ಲಿ ಆ ನ್ಯಾಯಾಲಯವು ಕಮಿಷನರ ನಿರ್ಣಯವನ್ನೇ ಮರಳಿ ಸ್ಥಾಪಿಸಿತು. ಕಾಲಿಲ್ಲದವನು ಟ್ಯಾಂಕರನ್ನು ನಡೆಸಲಾರನು. ಅವನಿಗೆ ಚಾಲನೆಯ ಪರವಾನಗಿಯೂ ದೊರೆಯದು. ಹೀಗಿರಲು ವೃತ್ತಿಯ ಮೂರರಲ್ಲೊಂದು ಪಾಲು ಉಳಿಯಿತೆಂಬ ಲೆಕ್ಕಕ್ಕೆ ಅರ್ಥವೆಲ್ಲಿ?

ಈ ತೀರ್ಪಿಗೆ ಆಧಾರವಾದುದು 1975ರ ಇನ್ನೊಂದು ತೀರ್ಪು. ಒಡಿಶಾದ ಬಡಗಿಯೊಬ್ಬನು ಬಿದ್ದು ಪೆಟ್ಟಾಗಿ, ಎಡಗೈಯನ್ನು ಮೊಣಕೈಯ ಮೇಲ್ಭಾಗದಲ್ಲಿ ಕತ್ತರಿಸಲಾಗಿತ್ತು. ಒಂದೇ ಕೈಯಿಂದ ಬಡಗಿತನ ಸಾಗದಾದಕಾರಣ ಅದು ಪೂರ್ಣ ನಷ್ಟವೇ ಎಂದು ಸುಪ್ರೀಂ ಕೋರ್ಟು ಹೇಳಿತು. ಪರಿಹಾರ ಕೊಡುವ ಹೊಣೆಯು ಗಾಯವಾದಾಗಲೇ ಹುಟ್ಟುವುದೆಂದೂ ಅದು ಸ್ಪಷ್ಟಪಡಿಸಿತು.

ಹಾಗೆಂದು ಅಂಗಹಾನಿಯಾದವರಿಗೆಲ್ಲ ಪೂರ್ಣ ಪರಿಹಾರವೆಂದು ತಿಳಿಯಬಾರದು. ಕುಳಿತು ಬರೆಯುವ ಗುಮಾಸ್ತನು ಕಾಲು ಹೋದರೂ ತನ್ನ ಕೆಲಸವನ್ನು ಮುಂದುವರಿಸಬಹುದು. ಅಂಗವು ಒಂದೇ ಆದರೂ ವೃತ್ತಿಭೇದದಿಂದ ನಷ್ಟಭೇದ. ವೈದ್ಯರು ಬರೆಯುವ ಶೇಕಡಾ ಅಂಕಿಯು ದೇಹದ ವೈಕಲ್ಯವನ್ನು ಹೇಳುವುದು. ಗಳಿಕೆಯ ನಷ್ಟವನ್ನು ಬೇರೆಯಾಗಿಯೇ ವಿಚಾರಿಸಬೇಕು.

ಈ ತೀರ್ಪುಗಳು 1923ರ ಶಾಸನದ ಅಡಿಯಲ್ಲಿ ಬಂದವು. 2025ರ ನವೆಂಬರ್ 21ರಿಂದ ಅದರ ಸ್ಥಾನಕ್ಕೆ 2020ರ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಅಪಘಾತದ ವೇಳೆಗೆ ಮಾಡಬಲ್ಲವನಾಗಿದ್ದ ಕೆಲಸಗಳೆಲ್ಲಕ್ಕೂ ಅಸಮರ್ಥನಾಗುವುದೇ ಪೂರ್ಣ ವೈಕಲ್ಯವೆಂಬ ಲಕ್ಷಣವು ಅದರಲ್ಲಿಯೂ ಉಂಟು.

ಆದುದರಿಂದ ಇಂತಹ ವಿಪತ್ತು ಒದಗಿದಾಗ ಮನೆಯವರು ಮಾಲಿಕನಿಗೆ ವಿಳಂಬವಿಲ್ಲದೆ ಬರವಣಿಗೆಯಲ್ಲಿ ತಿಳಿಸಬೇಕು. ಸಂಬಳದ ಆಧಾರ, ಪೋಲೀಸರ ಕಾಗದ, ಆಸ್ಪತ್ರೆಯ ಪತ್ರಗಳನ್ನು ಜೋಪಾನವಾಗಿ ಇಡಬೇಕು. ಗಾಯಾಳು ಯಾವ ಕೆಲಸ ಮಾಡುತ್ತಿದ್ದನು, ಈಗ ಯಾವುದನ್ನು ಮಾಡಲಾರನು ಎಂಬುದನ್ನು ಅರ್ಜಿಯಲ್ಲಿ ವಿಶದವಾಗಿ ಬರೆಯಿಸಬೇಕು. ಕಂಪನಿಯವರು ತೋರಿಸಿದ ಮೊತ್ತಕ್ಕೆ ಅವಸರದಿಂದ ರುಜು ಹಾಕಲಾಗದು. ಪರಿಹಾರವು ಯಾರ ದಾನವೂ ಅಲ್ಲ. ಅದು ದುಡಿದವನ ಹಕ್ಕು.