ಉಪಯೋಗವಿಲ್ಲದ ಸಾಲಿಗೆ ಎಷ್ಟು ಬಿಗಿ?

2014ರ ಫೆಬ್ರುವರಿಯಲ್ಲಿ ಆಪಲ್ ಕಂಪನಿ ಐಫೋನ್‌ಗಳಿಗೆ ತುರ್ತು ಅಪ್‌ಡೇಟ್ ಕಳಿಸಿತು. ಸುರಕ್ಷಿತ ಸಂಪರ್ಕವನ್ನು ಪರೀಕ್ಷಿಸುವ ಸಿ ಕೋಡ್‌ನಲ್ಲಿ ‘ಗೋಟು ಫೇಲ್’ ಎಂಬ ಸಾಲು ಒಂದರ ಕೆಳಗೊಂದು ಎರಡು ಸಲ ಬಿದ್ದಿತ್ತು. ಮೊದಲನೆಯದಕ್ಕೆ ಷರತ್ತಿತ್ತು, ಎರಡನೆಯದಕ್ಕೆ ಇರಲಿಲ್ಲ. ಹೀಗಾಗಿ ಸರ್ವರ್‌ನ ಸಹಿ ಪರಿಶೀಲಿಸುವ ಮುಂದಿನ ಸಾಲುಗಳಿಗೆ ಸರದಿಯೇ ಬರುತ್ತಿರಲಿಲ್ಲ. ಸರದಿ ಬಾರದ ಕೋಡನ್ನು ಪತ್ತೆ ಹಚ್ಚುವ ಸೌಲಭ್ಯ ಕ್ಲ್ಯಾಂಗ್ ಕಂಪೈಲರಿನಲ್ಲಿತ್ತು. ಆದರೆ ಬೇಕೆಂದು ಕೇಳಿದವರಿಗೆ ಮಾತ್ರ.

ಈ ಸಂಕೋಚಕ್ಕೆ ಹಳೆಯ ಕಾರಣವಿದೆ. 1970ರ ದಶಕದಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನ ಸ್ಟೀಫನ್ ಜಾನ್ಸನ್ ‘ಲಿಂಟ್’ ಎಂಬ ಸಾಧನ ಬರೆದರು. ಕಂಪೈಲರ್ ಬೇಗ ಕೆಲಸ ಮುಗಿಸಲಿ, ಲಿಂಟ್ ಸಾವಧಾನವಾಗಿ ಕೋಡನ್ನು ಸೋಸಲಿ ಎಂಬುದು ಲೆಕ್ಕಾಚಾರ. ಬಳಸದ ವೇರಿಯಬಲ್, ತಲುಪಲಾಗದ ಸಾಲು ಇವನ್ನೆಲ್ಲ ಅದು ಹೆಕ್ಕುತ್ತಿತ್ತು. ತಲುಪಲಾಗದ ‘ಬ್ರೇಕ್’ ಅನ್ನು ಮಾತ್ರ, ಕೇಳದ ಹೊರತು, ಬೇಕೆಂದೇ ಬಿಡುತ್ತಿತ್ತು. ಜಾನ್ಸನ್ ಅವರೇ ಸಿದ್ಧಪಡಿಸಿದ್ದ ‘ಯಾಕ್’ ತಾನಾಗಿ ಬರೆದುಕೊಡುವ ಪ್ರೋಗ್ರಾಮುಗಳಲ್ಲಿ ಅಂಥವು ನೂರಾರು ಇರಬಹುದಿತ್ತು. ಅವನ್ನು ಬಳಕೆದಾರ ತಿದ್ದುವಂತಿರಲಿಲ್ಲ. ಭಾಗಮಂಡಲದಿಂದ ಕರಿಕೆಗೆ ಇಳಿಯುವ ರಸ್ತೆಯ ತಿರುವು ತಿರುವಿಗೂ ‘ಅಪಾಯ’ ಎಂದು ಫಲಕ ನೆಟ್ಟರೆ, ಮಣ್ಣು ಕುಸಿದ ಕಡೆಯ ಫಲಕವನ್ನು ಯಾರು ಓದಿಯಾರು?

ಮುಂದಿನ ಭಾಷೆಗಳು ಬೇರೆ ಬೇರೆ ದಾರಿ ಹಿಡಿದವು. ಜಾವಾ ತಲುಪಲಾಗದ ಸಾಲನ್ನು ದೋಷವೆಂದೇ ತಿರಸ್ಕರಿಸುತ್ತದೆ. ‘ಇಫ್ ಫಾಲ್ಸ್’ ಒಳಗಿದ್ದರೆ ಮಾತ್ರ ವಿನಾಯಿತಿ. 2009ರಲ್ಲಿ ಗೂಗಲ್ ಹೊರತಂದ ಗೋ ಬಳಸದ ವೇರಿಯಬಲ್ ವಿಷಯದಲ್ಲಿ ಬಿಗಿ. ಫಂಕ್ಷನ್ ಒಳಗೆ ಘೋಷಿಸಿದ ವೇರಿಯಬಲ್ ಬಳಸದೆ ಉಳಿದರೆ ಪ್ರೋಗ್ರಾಂ ಕಂಪೈಲ್ ಆಗುವುದೇ ಇಲ್ಲ. ದೋಷ ಹುಡುಕಲು ಒಂದು ಸಾಲನ್ನು ಅರೆಗಳಿಗೆ ಮರೆಮಾಡಿದರೂ ಕೆಲಸ ನಿಂತುಬಿಡಬಹುದು. ರಸ್ಟ್ ಎಚ್ಚರಿಸಿ ಮುಂದೆ ಬಿಡುತ್ತದೆ. ಹೆಸರಿನ ಮೊದಲಿಗೆ ಅಂಡರ್‌ಸ್ಕೋರ್ ಹಾಕಿದರೆ, ಇದು ಬೇಕೆಂದೇ ಬಿಟ್ಟದ್ದು ಎಂದು ತಿಳಿದು ಸುಮ್ಮನಾಗುತ್ತದೆ.

ಯಾವ ವೇರಿಯಬಲ್‌ನ ಮೌಲ್ಯವನ್ನು ಮುಂದೆ ಯಾರೂ ಓದುವುದಿಲ್ಲ ಎಂದು ಕಂಪೈಲರ್ ಡೇಟಾಫ್ಲೋ ವಿಶ್ಲೇಷಣೆಯಿಂದ ಕಂಡುಕೊಳ್ಳುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವೈ.ಎನ್. ಶ್ರೀಕಾಂತ್ ಎನ್‌ಪಿಟಿಇಎಲ್ ಆನ್‌ಲೈನ್ ಪಾಠಗಳಲ್ಲಿ ಇದನ್ನೇ ಕಲಿಸಿದ್ದಾರೆ. ಹೀಗೆ ಕಂಡುಕೊಂಡ ವ್ಯರ್ಥ ಲೆಕ್ಕವನ್ನು ಕಂಪೈಲರ್ ಸದ್ದಿಲ್ಲದೆ ಅಳಿಸಿಹಾಕುತ್ತದೆ. ಯಂತ್ರಕ್ಕೆ ಅದರಿಂದ ನಷ್ಟವಿಲ್ಲ. ಆದರೆ ಬರೆದವರ ಮನಸ್ಸಿನಲ್ಲಿದ್ದುದಕ್ಕೂ ಬರೆದದ್ದಕ್ಕೂ ಅಲ್ಲಿ ಅಂತರ ಬಿದ್ದಿರಬಹುದು.

ಆದ್ದರಿಂದ ತನಗೆ ಗೊತ್ತಾದದ್ದನ್ನು ಕಂಪೈಲರ್ ಯಾರೂ ಕೇಳದೆಯೇ ಹೇಳಬೇಕು, ಬರೆಯುವ ಕೈಯನ್ನು ಮಾತ್ರ ತಡೆಯಬಾರದು. ಬಿಗಿ ಇರಬೇಕಾದದ್ದು ಕೋಡ್ ಊರಿಗೆ ಹೊರಡುವ ಮುನ್ನ: ಪ್ರತಿಯೊಂದು ಎಚ್ಚರಿಕೆಗೂ ಒಂದೋ ತಿದ್ದುಪಡಿ ಆಗಿರಬೇಕು, ಇಲ್ಲವೇ ಬೇಕೆಂದೇ ಬಿಟ್ಟದ್ದೆಂಬ ಗುರುತು ಇರಬೇಕು.