ವ್ಯಾಪಾರಕ್ಕೆ ಒದಗುವ ಸ್ವಿಚ್ಚುಗಳು: ಒಂದು ತುಲನೆ

ರಾಮನಗರದ ಮಾರುಕಟ್ಟೆಗೆ ಕನಕಪುರ, ಮಾಗಡಿ, ಚನ್ನಪಟ್ಟಣಗಳ ಕಡೆಯಿಂದ ಬರುವ ರೇಷ್ಮೆಗೂಡು ಕಾಯುವ ಸರಕಲ್ಲ. ತಡವಾದರೆ ಚಿಟ್ಟೆ ಗೂಡನ್ನು ತೂತುಮಾಡಿ ಹೊರಬೀಳುತ್ತದೆ, ನೂಲು ಕೆಡುತ್ತದೆ. ಹರಾಜು ಮೊಬೈಲಿನ ಮೂಲಕ ನಡೆಯುವ ಈ ಕಾಲದಲ್ಲಿ ಯಂತ್ರಗಳನ್ನು ಬೆಸೆಯುವ ಸ್ವಿಚ್ಚಿನ ಆಯ್ಕೆಯು ಕೇವಲ ತಂತ್ರಜ್ಞರ ವಿಷಯವೆಂದು ನಾವು ಎಣಿಸಲಾರೆವು.

ಸ್ವಿಚ್ಚಿನ ಹುಟ್ಟೂ ವ್ಯಾಪಾರದಲ್ಲಿಯೇ. 1891ರಲ್ಲಿ ಸ್ವಯಂಚಾಲಿತ ದೂರವಾಣಿ ಸ್ವಿಚ್ಚಿಗೆ ಪೇಟೆಂಟ್ ಪಡೆದ ಅಮೆರಿಕದ ಸ್ಟ್ರೌಜರನದು ಶವಸಂಸ್ಕಾರದ ಉದ್ಯೋಗ; ತನ್ನ ಗಿರಾಕಿಗಳ ಕರೆಗಳು ಪ್ರತಿಸ್ಪರ್ಧಿಗೆ ಹೋಗುತ್ತಿವೆಯೆಂಬ ಸಂಶಯವೇ ಪ್ರೇರಣೆಯೆಂದು ಪ್ರತೀತಿ. 1948ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಐ.ಟಿ.ಐ. ಈ ಮಾದರಿಯನ್ನು ತಯಾರಿಸಿತು. ಅಂಕಿಗಳನ್ನು ತಿರುಗಿಸಿದಂತೆ ಲೋಹದ ತೋಳು ಮೇಲೇರಿ, ಬಳಿಕ ಸುತ್ತಿ, ತಂತಿಯನ್ನು ಮುಟ್ಟಬೇಕು; ಧೂಳೂ ಸವೆತವೂ ಅದರ ಶತ್ರುಗಳು. 1986ರಲ್ಲಿ ಕಿತ್ತೂರಿನಲ್ಲಿ ಸ್ಥಾಪಿಸಲಾದ ಸಿ-ಡಾಟ್‌ನ 128 ಪೋರ್ಟುಗಳ ಗ್ರಾಮೀಣ ವಿನಿಮಯಕೇಂದ್ರಕ್ಕೆ ಆ ತೋಳೂ ಬೇಡ, ಹವಾನಿಯಂತ್ರಣವೂ ಬೇಡ. ಊರಿಗೆ ತಕ್ಕ ಯಂತ್ರವೆಂದರೆ ಇದೇ.

ಇಂದಿನ ದತ್ತಾಂಶ ಸ್ವಿಚ್ಚುಗಳಲ್ಲಿ ಎರಡು ಬಗೆ. ಸಾಧಾರಣ ಸ್ವಿಚ್ಚು ತನಗೆ ಜೋಡಿಸಿದ ಯಂತ್ರಗಳ ವಿಳಾಸಗಳನ್ನು ತಾನೇ ಕಲಿತು, ಮಾಹಿತಿಯನ್ನು ತಕ್ಕ ಪೋರ್ಟಿಗೆ ಕಳುಹುತ್ತದೆ. ಆದರೆ ಒಂದೇ ಕೇಬಲ್ಲಿನ ಎರಡು ತುದಿಗಳನ್ನೂ ಯಾರಾದರೂ ಅದಕ್ಕೇ ಸಿಕ್ಕಿಸಿದರೆ, ಸಂದೇಶಗಳು ಸುತ್ತಿ ಸುತ್ತಿ ಹೆಚ್ಚಿ ಇಡೀ ಜಾಲವೇ ಸ್ತಬ್ಧವಾಗಬಹುದು. ನಿಯಂತ್ರಿತ ಸ್ವಿಚ್ಚು, ಸರಿಯಾಗಿ ಅಣಿಗೊಳಿಸಿದ್ದರೆ, ಇಂತಹ ಸುತ್ತನ್ನು ಗುರುತಿಸಿ ತಡೆಯುತ್ತದೆ. ತೂಕ-ಹರಾಜುಗಳ ಜಾಲವನ್ನು ಕ್ಯಾಮೆರಾಗಳ ಜಾಲದಿಂದ ಬೇರ್ಪಡಿಸುತ್ತದೆ. ಬೆಲೆ ಹೆಚ್ಚು, ನೋಡಿಕೊಳ್ಳಬಲ್ಲವರೂ ಬೇಕು.

ನಾಲ್ಕಾರು ಯಂತ್ರಗಳ ನೂಲುಬಿಚ್ಚುವ ಘಟಕಕ್ಕೋ ಚನ್ನಪಟ್ಟಣದ ಗೊಂಬೆಯಂಗಡಿಗೋ ಎಂಟು ಪೋರ್ಟುಗಳ ಸಾಧಾರಣ ಸ್ವಿಚ್ಚೇ ಸಾಕು. ಗೂಡಿನ ಮಾರುಕಟ್ಟೆಯಂತಹ ಸ್ಥಳಕ್ಕೆ ನಿಯಂತ್ರಿತವಾದುದೇ ಯುಕ್ತ, ಜೊತೆಗೆ ಯು.ಪಿ.ಎಸ್. ಹಾಗೂ ಅದೇ ಮಾದರಿಯ ಇನ್ನೊಂದು ಸ್ವಿಚ್ಚು ಬೀರುವಿನಲ್ಲಿರಬೇಕು.